ಕಾರ್ಕಳದ ಅನಂತ ಪೈ ಮತ್ತು ನನ್ನ ಒಂದು ಬದಲಿ ಅವಧಿ

ನನ್ನ ಬೋಧನಾ ವಿಷಯಗಳು ಭೌತಶಾಸ್ತ್ರ ಮತ್ತು ಗಣಿತ. ಈ ಸಂಚಿಕೆಗೆ ನಾನು ಬೆಳಕಿನ ಪಾಠದ ಬಗ್ಗೆಯೋ ಸರಳ ಪ್ರಯೋಗಗಳ ಬಗ್ಗೆಯೋ ಬರೆಯುತ್ತೇನೆ ಎಂದು ನನ್ನ ಗೆಳತಿಯರು ಅಂದುಕೊಂಡಿದ್ದರು. ನಾನು ಬರೆಯುತ್ತಿರುವುದು ಮಕ್ಕಳಿಗೆ ಚಿತ್ರಕಥೆಯ ಪುಸ್ತಕ ಮಾಡಿಕೊಟ್ಟ ಒಬ್ಬರ ಜೀವನದ ಬಗ್ಗೆ. ಅದಕ್ಕೆ ಕಾರಣ ಇಂಟರ್ನ್‌ಶಿಪ್ ಸಮಯದಲ್ಲಿ ನನಗೆ ಸಿಕ್ಕಿದ ಒಂದು ಬದಲಿ ಅವಧಿ. ಪಾಠಯೋಜನೆ ಬರೆದು, ಚಾರ್ಟ್ ಮಾಡಿ, ಪೀಠಿಕೆಯ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡು ಹೋದ ಪಾಠಗಳಿಗಿಂತ ಆ ನಲವತ್ತು ನಿಮಿಷ ನನಗೆ ಹೆಚ್ಚು ಕಲಿಸಿತು.

ಬೈಂದೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನನ್ನ ಅಭ್ಯಾಸ ಬೋಧನೆ ನಡೆದಿತ್ತು. ಆಗಸ್ಟ್ ತಿಂಗಳು, ಬಿಡದೆ ಸುರಿಯುವ ಮಳೆ. ಕನ್ನಡ ಶಿಕ್ಷಕರು ರಜೆಯಲ್ಲಿದ್ದುದರಿಂದ ಎಂಟನೇ ತರಗತಿಗೆ ನನ್ನನ್ನು ಕಳುಹಿಸಿದರು. ಕೈಯಲ್ಲಿ ಪಾಠಯೋಜನೆ ಇರಲಿಲ್ಲ. ಗ್ರಂಥಾಲಯದ ಕಪಾಟಿನ ಕೆಳಗಿನ ಅರೆಯಲ್ಲಿ ಹಳೆಯ ಅಮರ ಚಿತ್ರಕಥೆಗಳ ಒಂದು ಕಟ್ಟು ಇತ್ತು. ಕೃಷ್ಣ, ಪ್ರಹ್ಲಾದ, ಅಭಿಮನ್ಯು ಎಲ್ಲ ಇದ್ದವು. ಮಕ್ಕಳನ್ನು ಗುಂಪು ಮಾಡಿ ಹಂಚಿದೆ. ತರಗತಿ ನಿಶ್ಶಬ್ದವಾಯಿತು. ಹೆಂಚಿನ ಮೇಲೆ ಮಳೆ ಬೀಳುವ ಸದ್ದು, ಪುಟ ಮಗುಚುವ ಸದ್ದು, ಅಷ್ಟೇ. ನನಗೆ ಖುಷಿಯಾಯಿತು.

ಕೊನೆಯ ಐದು ನಿಮಿಷದಲ್ಲಿ ಮೂರನೇ ಬೆಂಚಿನ ಒಬ್ಬ ಹುಡುಗ ಕೃಷ್ಣನ ಪುಸ್ತಕದಲ್ಲಿದ್ದ ಒಬ್ಬ ರಾಕ್ಷಸನ ಮೇಲೆ ಬೆರಳಿಟ್ಟು ಪಕ್ಕದಲ್ಲಿ ಕುಳಿತವನ ಹೆಸರು ಹೇಳಿದ. ಇಡೀ ತರಗತಿ ನಕ್ಕಿತು. ಹೆಸರು ಹೇಳಿಸಿಕೊಂಡವನು ಕಪ್ಪು ಮೈಬಣ್ಣದ ಹುಡುಗ. ಅವನೂ ನಕ್ಕ, ಆಮೇಲೆ ತಲೆ ತಗ್ಗಿಸಿ ಪೆನ್ಸಿಲಿನಿಂದ ಬೆಂಚು ಕೆರೆಯತೊಡಗಿದ. ನಾನು ಸುಮ್ಮನಿರಿ ಎಂದು ಮೇಜು ತಟ್ಟಿದೆ. ಗಂಟೆ ಹೊಡೆಯಿತು. ಪುಸ್ತಕಗಳನ್ನು ಎಣಿಸಿ ಕಪಾಟಿಗೆ ಸೇರಿಸಿದೆ.

ಅವಲೋಕನ ಪುಸ್ತಕದಲ್ಲಿ ತರಗತಿ ನಿರ್ವಹಣೆ ಚೆನ್ನಾಗಿತ್ತು ಎಂಬ ಷರಾ ಬಂತು. ಸಂಜೆ ಬ್ರಹ್ಮಾವರಕ್ಕೆ ಹೋಗುವ ಬಸ್ಸಿನಲ್ಲಿ, ಮರವಂತೆಯಲ್ಲಿ ಒಂದು ಕಡೆ ಕಡಲು ಇನ್ನೊಂದು ಕಡೆ ಹೊಳೆ ಕಾಣುವ ಜಾಗ ದಾಟುವಾಗಲೂ ನನಗೆ ಕಂಡದ್ದು ಆ ಹುಡುಗನ ತಗ್ಗಿಸಿದ ತಲೆ. ಚಕ್ರವ್ಯೂಹದ ಒಳಗೆ ನುಗ್ಗಲು ಮಾತ್ರ ಗೊತ್ತಿದ್ದು, ಹೊರಬರುವ ದಾರಿ ಗೊತ್ತಿಲ್ಲದ ಅಭಿಮನ್ಯುವಿನ ಪುಸ್ತಕವನ್ನೇ ನಾನು ಹಂಚಿದ್ದೆ. ನನ್ನ ಸ್ಥಿತಿಯೂ ಅದೇ ಆಗಿತ್ತು. ಚಿತ್ರಪುಸ್ತಕ ಹಿಡಿದು ತರಗತಿಯ ಒಳಗೆ ಹೋಗುವುದು ಗೊತ್ತಿತ್ತು, ಅದು ಎಬ್ಬಿಸಿದ ನಗುವಿನಿಂದ ಮಕ್ಕಳನ್ನು ಹೊರಗೆ ತರುವುದು ಗೊತ್ತಿರಲಿಲ್ಲ. ಈ ಪುಸ್ತಕಗಳನ್ನು ಯಾರು, ಯಾಕೆ, ಹೇಗೆ ಮಾಡಿದರು ಎಂದು ತಿಳಿಯಲು ಹೊರಟದ್ದು ಆ ದಿನವೇ.

ಹುಡುಕುತ್ತಾ ಹೋದಾಗ ಮೊದಲು ತಿಳಿದ ಸಂಗತಿ, ಅವರು ನಮ್ಮ ಜಿಲ್ಲೆಯವರೇ ಎಂಬುದು. ಅನಂತ ಪೈ ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು ಕಾರ್ಕಳದಲ್ಲಿ. ಆಗ ಕಾರ್ಕಳ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ತಂದೆ ವೆಂಕಟರಾಯ ಪೈ, ತಾಯಿ ಸುಶೀಲಾ. ಮಗುವಿಗೆ ಎರಡು ವರ್ಷ ತುಂಬುವ ಹೊತ್ತಿಗೆ ಇಬ್ಬರೂ ಇರಲಿಲ್ಲ. ಬಂಧುಗಳ ಆಸರೆಯಲ್ಲಿ ಬೆಳೆದ ಹುಡುಗ ಹನ್ನೆರಡನೇ ವಯಸ್ಸಿನಲ್ಲಿ ಮುಂಬೈ ಸೇರಿದ. ನಮ್ಮ ಕರಾವಳಿಯ ಎಷ್ಟೋ ಮನೆಗಳಿಂದ ಹುಡುಗರು ಹೋಟೆಲ್ ಕೆಲಸಕ್ಕೋ ಅಂಗಡಿ ಕೆಲಸಕ್ಕೋ ಮುಂಬೈಗೆ ಹೋದದ್ದನ್ನು ನಾವು ಕೇಳಿ ಬಲ್ಲೆವು. ಈ ಹುಡುಗ ಅಲ್ಲಿ ಮಾಹಿಮ್‌ನ ಓರಿಯೆಂಟ್ ಶಾಲೆಗೆ ಸೇರಿದ.

ಮುಂದೆ ಅವರು ಕಲಿತದ್ದು ಸಾಹಿತ್ಯವನ್ನಲ್ಲ, ವಿಜ್ಞಾನವನ್ನು. ರಸಾಯನಶಾಸ್ತ್ರ, ಭೌತಶಾಸ್ತ್ರ, ಆ ಮೇಲೆ ಮುಂಬೈ ವಿಶ್ವವಿದ್ಯಾನಿಲಯದಲ್ಲಿ ರಾಸಾಯನಿಕ ತಂತ್ರಜ್ಞಾನ. ಎರಡು ಪದವಿ ಕೈಯಲ್ಲಿದ್ದವರು ಕಾರ್ಖಾನೆಯ ಕಡೆಗೆ ಹೋಗಬಹುದಿತ್ತು. ಅವರ ಮನಸ್ಸು ಮಕ್ಕಳ ಓದಿನ ಕಡೆಗೆ ಎಳೆಯಿತು. 1954ರಲ್ಲಿ ಮಾನವ ಎಂಬ ಮಕ್ಕಳ ಪತ್ರಿಕೆ ಆರಂಭಿಸಿದರು. ಅದು ನಿಲ್ಲಲಿಲ್ಲ. ಬಿಎಸ್ಸಿ ಮುಗಿಸಿ ಬಿಎಡ್‌ಗೆ ಬಂದ ನನ್ನಂಥವರಿಗೆ ಈ ಭಾಗ ಓದುವಾಗ ಹತ್ತಿರದವರ ಕಥೆ ಕೇಳಿದ ಹಾಗಾಗುತ್ತದೆ. ಮೊದಲ ಪ್ರಯತ್ನ ಸೋತರೂ ಅವರು ಪುಸ್ತಕದ ಲೋಕ ಬಿಟ್ಟು ಹೋಗಲಿಲ್ಲ. ಟೈಮ್ಸ್ ಆಫ್ ಇಂಡಿಯಾದ ಪುಸ್ತಕ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. 1964ರಲ್ಲಿ ಆ ಸಂಸ್ಥೆ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಕಾಡಿನ ಫ್ಯಾಂಟಮ್, ಜಾದೂಗಾರ ಮ್ಯಾಂಡ್ರೇಕ್ ನಮ್ಮ ದೇಶದ ಮಕ್ಕಳ ಕೈಗೆ ಬಂದದ್ದು ಹಾಗೆ. ಪುಟವನ್ನು ಚೌಕಗಳಾಗಿ ವಿಭಾಗಿಸಿ, ಮಾತನ್ನು ಗುಳ್ಳೆಯೊಳಗೆ ಕೂರಿಸಿ, ಕಣ್ಣನ್ನು ಒಂದು ಚೌಕದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವ ವಿದ್ಯೆಯನ್ನು ಪೈಯವರು ಆ ಕೆಲಸದಲ್ಲಿ ಹತ್ತಿರದಿಂದ ನೋಡಿದರು.

1967ರಲ್ಲಿ ದೆಹಲಿಯಲ್ಲಿ ಅವರು ಒಂದು ಅಂಗಡಿಯಲ್ಲಿದ್ದ ಟಿವಿಯಲ್ಲಿ ದೂರದರ್ಶನದ ರಸಪ್ರಶ್ನೆ ನೋಡಿದರು. ಗ್ರೀಕ್ ಪುರಾಣದ ಬಗ್ಗೆ ಕೇಳಿದ್ದಕ್ಕೆ ವಿದ್ಯಾರ್ಥಿಗಳು ಸಲೀಸಾಗಿ ಉತ್ತರಿಸಿದರು. ರಾಮನ ತಾಯಿ ಯಾರು ಎಂದು ಕೇಳಿದಾಗ ಅವರಿಗೆ ತಿಳಿಯಲಿಲ್ಲ. ಈ ಘಟನೆಯನ್ನು ಪೈಯವರ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ಒಂದು ನೈದಾನಿಕ ಪರೀಕ್ಷೆ. ಮಕ್ಕಳು ಮಂಕರಾಗಿರಲಿಲ್ಲ. ಓದಿದ್ದು ಅವರಿಗೆ ಗೊತ್ತಿತ್ತು, ಯಾರೂ ಕೈಗೆ ಕೊಡದೇ ಇದ್ದದ್ದು ಗೊತ್ತಿರಲಿಲ್ಲ. ನಾವು ಇಂಥ ಕಡೆ ಮಕ್ಕಳನ್ನು ದೂರಿ ಸುಮ್ಮನಾಗುತ್ತೇವೆ. ಪೈಯವರು ಕೆಲಸ ಬಿಟ್ಟು, ಓದುವ ಸಾಮಗ್ರಿಯನ್ನೇ ತಯಾರಿಸಲು ಹೊರಟರು.

ಆರಂಭ ಸುಲಭವಾಗಿರಲಿಲ್ಲ. ಕೆಲವು ಪ್ರಕಾಶಕರು ಒಪ್ಪಲಿಲ್ಲ. ಕೊನೆಗೆ ಇಂಡಿಯಾ ಬುಕ್ ಹೌಸ್‌ನ ಮೀರ್‌ಚಂದಾನಿಯವರು ಮುಂದೆ ಬಂದರು. ಇಲ್ಲಿ ಕನ್ನಡದವರಾದ ನಾವು ತಿಳಿದಿರಬೇಕಾದ ಒಂದು ಸಂಗತಿ ಇದೆ. ಅಮರ ಚಿತ್ರಕಥೆ ಎಂಬ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಕನ್ನಡದಲ್ಲಿ. ಅದೇ ಸಂಸ್ಥೆಯ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಜನೆಯಂತೆ 1965ರ ಸುಮಾರಿಗೆ ಹತ್ತು ಚಿತ್ರಕಥೆಗಳು ಕನ್ನಡದಲ್ಲಿ ಹೊರಬಂದವು. ಅವು ಸಿಂಡ್ರೆಲ್ಲಾಳಂಥ ಪಾಶ್ಚಾತ್ಯ ಕಥೆಗಳು. ಕನ್ನಡದ ಮಕ್ಕಳು ಅವನ್ನು ಕೊಂಡು ಓದಿದರು ಎಂಬ ಧೈರ್ಯದ ಮೇಲೆ ಮುಂಬೈಯಲ್ಲಿ ಯೋಜನೆ ಬೆಳೆಯಿತು. ಅದಕ್ಕೇ ಪೈಯವರು ಸ್ವತಃ ಬರೆದ ಕೃಷ್ಣ ಎಂಬ ಪುಸ್ತಕಕ್ಕೆ ಸಂಖ್ಯೆ ಒಂದು ಇಲ್ಲ. ಅದರ ಸಂಖ್ಯೆ ಹನ್ನೊಂದು.

ಕೃಷ್ಣನ ಚಿತ್ರ ಬರೆದವರು ರಾಮ್ ವಾಯೀರ್ಕರ್. ಬೆಣ್ಣೆ ಕದಿಯುವ, ಕಾಳಿಯನ ಹೆಡೆಯ ಮೇಲೆ ಕುಣಿಯುವ, ಗೋವರ್ಧನ ಎತ್ತುವ ಆ ಬಾಲಕನೇ ಸರಣಿಯ ಮೊದಲ ನಾಯಕ. ಅವನ ಹಿಂದೆ ರಾಮನ ಮಕ್ಕಳು, ಪ್ರಹ್ಲಾದ, ಧ್ರುವ, ಅಭಿಮನ್ಯು ಬಂದರು. ಇವರೆಲ್ಲ ದೊಡ್ಡವರ ಎದುರು ನಿಂತ ಸಣ್ಣವರು. ಎರಡು ವರ್ಷಕ್ಕೇ ತಂದೆತಾಯಿಯನ್ನು ಕಳೆದುಕೊಂಡವರೊಬ್ಬರು ಇಂಥ ಮಕ್ಕಳ ಕಥೆಗಳನ್ನು ಇಷ್ಟು ಅಕ್ಕರೆಯಿಂದ ಮಾಡಿಸಿದ್ದರಲ್ಲಿ ನನಗೇನೂ ಆಶ್ಚರ್ಯ ಕಾಣುವುದಿಲ್ಲ. ಆಮೇಲೆ ಚಾಣಕ್ಯ, ಬುದ್ಧ, ಶಿವಾಜಿ ಮೊದಲಾದವರೂ, ನಮ್ಮ ಕೆಳದಿಯ ಚೆನ್ನಮ್ಮ, ಹಕ್ಕ ಬುಕ್ಕರೂ ಬಂದರು. ವಿಜ್ಞಾನಿ ಜಗದೀಶ ಚಂದ್ರ ಬೋಸ್ ಅವರ ಜೀವನವೂ ಚಿತ್ರಕಥೆಯಾಯಿತು. ಸಾಮಾನ್ಯವಾಗಿ ಒಂದು ಪುಸ್ತಕಕ್ಕೆ 32 ಪುಟ. ಆ ಮಿತಿಯಲ್ಲಿ ಕಥೆ ಮುಗಿಯಬೇಕು. ನಲವತ್ತು ನಿಮಿಷದಲ್ಲಿ ಪಾಠ ಮುಗಿಸಬೇಕಾದ ನಮಗೆ ಆ ಕಷ್ಟ ಏನೆಂದು ಗೊತ್ತು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಮೊದಲಾದವರು ಸಂಪಾದಕ ಬಳಗದಲ್ಲಿದ್ದರು. ಪ್ರತಾಪ್ ಮುಳಿಕ್, ಯೂಸುಫ್ ಬೆಂಗಳೂರ್‌ವಾಲಾ ಅವರಂಥ ಕಲಾವಿದರು ಚಿತ್ರ ಬರೆದರು. ವರ್ಷಗಳು ಕಳೆದಂತೆ ಸರಣಿಯ ಪುಸ್ತಕಗಳು 400 ದಾಟಿದವು, ಹಲವು ಭಾರತೀಯ ಭಾಷೆಗಳಿಗೂ ಹೋದವು.

ಆ ಕಾಲದ ಎಷ್ಟೋ ಹೆತ್ತವರಿಗೂ ಶಿಕ್ಷಕರಿಗೂ ಕಾಮಿಕ್ಸ್ ಎಂದರೆ ಪಾಠಪುಸ್ತಕದ ಒಳಗೆ ಅಡಗಿಸಿ ಓದುವ ವಸ್ತು, ಸಿಕ್ಕಿಬಿದ್ದರೆ ಕಿತ್ತುಕೊಳ್ಳಬೇಕಾದ ವಸ್ತು. ಪೈಯವರು ಶಾಲೆಗಳ ಬಾಗಿಲಿಗೇ ಹೋದರು. 1978ರಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರ ಏನು ಎಂಬುದರ ಬಗ್ಗೆ ದೆಹಲಿಯಲ್ಲಿ ವಿಚಾರಗೋಷ್ಠಿ ನಡೆಯಿತು. ಇತಿಹಾಸವನ್ನು ಚಿತ್ರಕಥೆಯ ಮೂಲಕ ಕಲಿತ ಮಕ್ಕಳನ್ನೂ ಪಾಠಪುಸ್ತಕದಿಂದ ಕಲಿತ ಮಕ್ಕಳನ್ನೂ ಹೋಲಿಸಿ ನೋಡುವ ಪ್ರಯೋಗವನ್ನೂ ಅಲ್ಲಿನ ಶಾಲೆಗಳಲ್ಲಿ ಮಾಡಿಸಿದರು. ವಿಜ್ಞಾನ ಕಲಿತವರ ರೀತಿ ಇದು. ನಂಬಿಕೆಯನ್ನು ಭಾಷಣದಲ್ಲಿ ಹೇಳಿ ಬಿಡದೆ ತರಗತಿಯಲ್ಲಿ ಪರೀಕ್ಷೆಗೆ ಒಡ್ಡುವುದು.

1980ರ ಏಪ್ರಿಲ್‌ನಲ್ಲಿ ಟಿಂಕಲ್ ಪತ್ರಿಕೆ ಬಂತು. ಇಲ್ಲಿ ಪುರಾಣದ ವೀರರಿಲ್ಲ. ಹೇಳಿದ ಮಾತನ್ನು ಹೇಳಿದ ಹಾಗೇ ಮಾಡಿ ಯಜಮಾನನನ್ನು ಪೇಚಿಗೆ ಸಿಲುಕಿಸುವ ಸುಪ್ಪಂಡಿ ಇದ್ದ. ಅವನ ಕಥೆ ತಮಿಳುನಾಡಿನ ಒಬ್ಬ ಓದುಗರಿಂದ ಬಂದದ್ದು. ಹೆದರುಪುಕ್ಕಲನಾದರೂ ಅದೃಷ್ಟದಿಂದ ಗೆಲ್ಲುವ ಶಿಕಾರಿ ಶಂಭು ಇದ್ದ. ಅಣು ಕ್ಲಬ್ ಎಂಬ ಚಿತ್ರಸರಣಿಯಲ್ಲಿ ಮಕ್ಕಳಿಗೆ ವಿಜ್ಞಾನದ ವಿಷಯಗಳು ಸಿಗುತ್ತಿದ್ದವು. ಮಕ್ಕಳು ತಾವೇ ಕಥೆ ಕಳುಹಿಸಬಹುದಿತ್ತು, ಕಾಗದ ಬರೆಯಬಹುದಿತ್ತು. ದೇಶದ ಮೂಲೆಮೂಲೆಯಿಂದ ಬಂದ ಕಾಗದಗಳಿಂದಾಗಿ ಅನಂತ ಪೈ ಎಲ್ಲ ಮಕ್ಕಳಿಗೂ ಅಂಕಲ್ ಪೈ ಆದರು. ಮಕ್ಕಳ ವ್ಯಕ್ತಿತ್ವ ವಿಕಸನಕ್ಕಾಗಿ ಪಾರ್ಥ ಎಂಬ ಹೆಸರಿನಲ್ಲಿ ಅಂಚೆ ಮೂಲಕ ಕಲಿಯುವ ತರಬೇತಿಯನ್ನೂ ಅವರು ನಡೆಸಿದರು.

2011ರ ಫೆಬ್ರವರಿ 19ರಂದು ದೆಹಲಿಯಲ್ಲಿ ನಡೆದ ಕಾಮಿಕ್ಸ್ ಸಮ್ಮೇಳನದಲ್ಲಿ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಘೋಷಣೆಯಾಯಿತು. ಐದು ದಿನಗಳ ನಂತರ, ಫೆಬ್ರವರಿ 24ರಂದು, ಮುಂಬೈಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 81 ವರ್ಷ. ನಾನು ಆಗ ಹೈಸ್ಕೂಲಿಗೂ ಬಂದಿರಲಿಲ್ಲ. ನನ್ನ ಎಂಟನೇ ತರಗತಿಯ ಮಕ್ಕಳು ಹುಟ್ಟಿಯೇ ಇರಲಿಲ್ಲ.

ಇಷ್ಟು ಓದಿದ ಮೇಲೂ ನನ್ನ ಪ್ರಶ್ನೆ ಹಾಗೇ ಉಳಿದಿತ್ತು. ಅದನ್ನು ನನಗಿಂತ ಮೊದಲೇ ಹಲವರು ಕೇಳಿದ್ದಾರೆ ಎಂದೂ ತಿಳಿಯಿತು. ಅಮರ ಚಿತ್ರಕಥೆಗಳಲ್ಲಿ ಒಳ್ಳೆಯವರು ಬೆಳ್ಳಗೆ, ರಾಕ್ಷಸರು ಕಪ್ಪಗೆ, ಒರಟಾಗಿ ಇರುವುದನ್ನು ವಿದ್ವಾಂಸರು ಟೀಕಿಸಿದ್ದಾರೆ. ಹೆಣ್ಣುಮಕ್ಕಳನ್ನು ಚಿತ್ರಿಸಿದ ರೀತಿಯ ಬಗ್ಗೆ, ಯಾರ ಕಥೆ ಹೇಳಲಾಯಿತು ಯಾರದನ್ನು ಬಿಡಲಾಯಿತು ಎಂಬುದರ ಬಗ್ಗೆಯೂ ಟೀಕೆಗಳಿವೆ. ಅವನ್ನು ಓದಿದಾಗ ಪೈಯವರ ಮೇಲೆ ನನಗೆ ಗೌರವ ಕಡಿಮೆಯಾಗಲಿಲ್ಲ. ಮಾತಿಗಿಂತ ಚಿತ್ರ ಬೇಗ ಮಕ್ಕಳ ಮನಸ್ಸಿಗೆ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅವರ ಜೀವಮಾನದ ಕೆಲಸವೆಲ್ಲ ಅದರ ಮೇಲೆ ನಿಂತಿದೆ. ಹಾಗೆ ಇಳಿಯುವಾಗ ಕಥೆಯ ಜೊತೆಗೆ ಬಣ್ಣವೂ ಇಳಿಯುತ್ತದೆ. ಚಿತ್ರ ಬಲವಾದಷ್ಟೂ ಅದರ ಪಕ್ಕದಲ್ಲಿ ಶಿಕ್ಷಕ ಇರಬೇಕಾಗುತ್ತದೆ. ಆ ದಿನ ಪುಸ್ತಕ ಹಂಚಿ ನಾನು ಕಿಟಕಿಯ ಹತ್ತಿರ ನಿಂತು ಮಳೆ ನೋಡುತ್ತಿದ್ದೆ. ತಪ್ಪು ನಡೆದದ್ದು ಅಲ್ಲಿ.

ಮುಂದಿನ ವಾರ ನನ್ನದೇ ವಿಜ್ಞಾನದ ಅವಧಿಯಲ್ಲಿ, ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಅದೇ ಪುಸ್ತಕಗಳನ್ನು ಮತ್ತೆ ಹೊರಗೆ ತಂದೆ. ಈ ಸಲ ಜೊತೆಗೆ ಪ್ರಯೋಗಾಲಯದ ಭೂತಗನ್ನಡಿಗಳಿದ್ದವು. ಕೃಷ್ಣನ ಕೆನ್ನೆಯನ್ನೂ ರಾಕ್ಷಸನ ತೋಳನ್ನೂ ಗನ್ನಡಿಯಲ್ಲಿ ನೋಡಿ, ಕಂಡದ್ದನ್ನು ಬರೆಯಲು ಹೇಳಿದೆ. ಬರಿಗಣ್ಣಿಗೆ ಒಂದೇ ಬಣ್ಣವಾಗಿ ಕಂಡದ್ದು ಗನ್ನಡಿಯಲ್ಲಿ ಚುಕ್ಕೆಗಳಾಗಿ ಬಿಡಿಸಿಕೊಂಡಿತು. ಬಣ್ಣದ ಮುದ್ರಣಕ್ಕೆ ಬೇಕಾಗುವುದು ನಾಲ್ಕೇ ಶಾಯಿ: ಸಯಾನ್ ಎಂಬ ನೀಲಿ, ಮೆಜೆಂಟಾ ಎಂಬ ಕೆಂಪು, ಹಳದಿ ಮತ್ತು ಕಪ್ಪು. ಚುಕ್ಕೆ ದೊಡ್ಡದೋ ಸಣ್ಣದೋ ಎಂಬುದರ ಮೇಲೆ ನಮಗೆ ಬೇರೆ ಬೇರೆ ಬಣ್ಣ ಕಾಣುತ್ತದೆ. ದೇವರಿಗೂ ರಾಕ್ಷಸನಿಗೂ ಒಂದೇ ಡಬ್ಬಿಯ ಶಾಯಿ ಎಂಬುದನ್ನು ಒಬ್ಬಳು ಹುಡುಗಿ ತಾನೇ ಕಂಡುಕೊಂಡು ಹೇಳಿದಳು.

ಹಾಗಾದರೆ ಯಾರಿಗೆ ಯಾವ ಬಣ್ಣ ಎಂದು ತೀರ್ಮಾನಿಸಿದವರು ಯಾರು ಎಂದು ಕೇಳಿದೆ. ಚಿತ್ರ ಬರೆದವರು ಎಂದರು. ಕೃಷ್ಣ ಎಂಬ ಶಬ್ದದ ಅರ್ಥ ಕೇಳಿದೆ. ಕಪ್ಪು ಎಂದು ಕೆಲವರಿಗೆ ಗೊತ್ತಿತ್ತು. ಹೆಸರೇ ಕಪ್ಪು ಎಂದಿರುವಾಗ ಅವನಿಗೆ ಈ ಪುಸ್ತಕದಲ್ಲಿ ನೀಲಿ ಬಂದದ್ದು ಯಾಕೆ ಎಂಬುದರ ಮೇಲೆ ಗದ್ದಲವೇ ಆಯಿತು. ಮನುಷ್ಯರ ಚರ್ಮದ ಬಣ್ಣ ಮೆಲನಿನ್ ಎಂಬ ವರ್ಣದ್ರವ್ಯದ ಪ್ರಮಾಣದಿಂದ ಬರುತ್ತದೆ, ಅದು ಬಿಸಿಲಿನ ಹಾನಿಕಾರಕ ಕಿರಣಗಳಿಂದ ರಕ್ಷಣೆ ಕೊಡುತ್ತದೆ, ಒಳ್ಳೆಯತನಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ.

ಆ ಮೇಲೆ ಯಕ್ಷಗಾನದ ಮಾತು ತಾನಾಗಿಯೇ ಬಂತು. ದೆಹಲಿಯ ರಸಪ್ರಶ್ನೆಯ ಕಥೆ ಹೇಳಿ ರಾಮನ ತಾಯಿ ಯಾರು ಎಂದು ಕೇಳಿದ್ದೆ. ನನ್ನ ತರಗತಿಯಲ್ಲಿ ಕೈ ಎತ್ತದವರೇ ಇರಲಿಲ್ಲ. ಮಾರಣಕಟ್ಟೆ ಮೇಳದ, ಮಂದಾರ್ತಿ ಮೇಳದ ಹರಕೆಯಾಟಗಳನ್ನು ಚಾಪೆ ಹಾಸಿ ಕುಳಿತು ನೋಡಿದ ಮಕ್ಕಳಿವರು. ಪೈಯವರಿಗೆ ದೆಹಲಿಯಲ್ಲಿ ಕಂಡ ಕೊರತೆ ಇಲ್ಲಿ ಇರಲಿಲ್ಲ. ಅಭಿಮನ್ಯು ಇವರಿಗೆ ಮೊದಲು ಗೊತ್ತಾದದ್ದು ರಂಗಸ್ಥಳದಲ್ಲಿ ಗಿರಕಿ ಹೊಡೆಯುವ ಪುಂಡುವೇಷವಾಗಿ. ರಾಕ್ಷಸ ಗೊತ್ತಾದದ್ದು ಬಣ್ಣದ ವೇಷವಾಗಿ. ಬಣ್ಣದ ವೇಷವನ್ನು ನೋಡಿ ನಮ್ಮಲ್ಲಿ ಯಾರೂ ಹೀಗಳೆದು ನಗುವುದಿಲ್ಲ. ಅದರ ಪ್ರವೇಶಕ್ಕಾಗಿ ನಿದ್ದೆ ತಡೆದು ಕಾಯುತ್ತಾರೆ, ಆ ವೇಷ ಮಾಡುವ ಕಲಾವಿದನಿಗೆ ಊರಲ್ಲಿ ಮರ್ಯಾದೆ ಇದೆ.

ಇದನ್ನೆಲ್ಲ ಹೇಳಿದ್ದು ನಾನಲ್ಲ. ಹೆಚ್ಚಿನದನ್ನು ಹೇಳಿದ್ದು ಅಂದು ತಲೆ ತಗ್ಗಿಸಿದ್ದ ಹುಡುಗನೇ. ಅವನು ಚೌಕಿಯಲ್ಲಿ ಕುಳಿತು ಬಣ್ಣದ ವೇಷದ ಮುಖವರ್ಣಿಕೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವನು. ಯಾವ ಗೆರೆ ಮೊದಲು, ಯಾವುದು ಆಮೇಲೆ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ವಾರದ ನಂತರ ಜಗಲಿಯಲ್ಲಿ ಅದೇ ಅಡ್ಡಹೆಸರು ಒಮ್ಮೆ ಕಿವಿಗೆ ಬಿತ್ತು. ಈ ಸಲ ಮೇಜು ತಟ್ಟಿ ಮುಗಿಸಲಿಲ್ಲ. ಇಬ್ಬರನ್ನೂ ಕರೆದು ಕುಳಿತು ಮಾತಾಡಿದೆ, ತರಗತಿ ಶಿಕ್ಷಕರಿಗೂ ತಿಳಿಸಿದೆ. ಇಂಟರ್ನ್‌ಶಿಪ್ ಮುಗಿದು ನಾನು ಬಂದೆ. ಮುಂದೆ ಏನಾಗುತ್ತದೆ ಎಂಬುದು ಅಲ್ಲಿಯೇ ಇರುವ ಶಿಕ್ಷಕರ ಕೈಯಲ್ಲಿದೆ.

ಕಾರ್ಕಳದ ಅನಂತ ಪೈ ಕೊಟ್ಟುಹೋದ ಪುಸ್ತಕಗಳು ನಮ್ಮ ಎಷ್ಟೋ ಶಾಲೆಗಳ ಕಪಾಟಿನಲ್ಲಿ ಇನ್ನೂ ಇವೆ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ನನ್ನ ಸಹಪಾಠಿಗಳು ಬದಲಿ ಅವಧಿ ಸಿಕ್ಕಾಗ ಧಾರಾಳವಾಗಿ ಹೊರಗೆ ತೆಗೆಯಿರಿ. ಜೊತೆಗೆ ಒಂದೆರಡು ಭೂತಗನ್ನಡಿ ಹಿಡಿದುಕೊಳ್ಳಿ. ಪುಸ್ತಕ ಹಂಚಿದ ಮೇಲೆ ಕಿಟಕಿಯ ಹತ್ತಿರ ಹೋಗಿ ನಿಲ್ಲಬೇಡಿ, ಮಕ್ಕಳ ನಡುವೆ ಕುಳಿತುಕೊಳ್ಳಿ.